ಐಪಿವಿ6 ಅಡ್ರೆಸ್ಸಿಗೆ ಪೋರ್ಟ್ ಹೆಂಗ ಅಂಟಿಸ್ಬೇಕು: ನಾಲ್ಕು ಥರ ಬರೆದು ನೋಡೀನಿ

ಗಂಗಾವತ್ಯಾಗ ನಮ್ದೊಂದು ಸಣ್ಣ ಇಂಟರ್ನೆಟ್ ಕನೆಕ್ಷನ್ ಕೊಡೋ ಆಫೀಸು, ಮುಂದ ಬಿಲ್ ಕೌಂಟರ್, ಹಿಂದ ಎಸಿ ರೂಮಿನ್ಯಾಗ ಸರ್ವರ್‌ಗಳು. ಬಿಲ್ ಕಟ್ಟೋ ಪೇಜು ಮೂರು ಮಷಿನ್ ಮ್ಯಾಲ ಓಡ್ತತಿ, ಅದರ ಮುಂದ ಬಂದ ಮಂದಿನ್ನ ಮೂರಕ್ಕೂ ಹಂಚೋ ಲೋಡ್ ಬ್ಯಾಲೆನ್ಸರ್. ಐಪಿವಿ4 (ಹಳೇ ಥರದ ಇಂಟರ್ನೆಟ್ ಅಡ್ರೆಸ್) ಇರೋತನಕ ಯಾರೂ ತಲಿ ಕೆಡಿಸ್ಕೊಂಡಿರ್ಲಿಲ್ಲ, 192.0.2.10:8080 ಅಂತ ಬರದ್ರ ಮುಗೀತು, ಚುಕ್ಕಿ ಇರೋದು ಅಡ್ರೆಸ್ಸು, ಕೋಲನ್ ಆದಮ್ಯಾಲಿಂದು ಪೋರ್ಟು, ಅಂದ್ರ ಆ ಮಷಿನ್ನಿನ್ಯಾಗ ಯಾವ ಪ್ರೋಗ್ರಾಮಿಗೆ ಹೋಗ್ಬೇಕು ಅನ್ನೋ ನಂಬರು. ಐಪಿವಿ6 (ಅದರ ಹೊಸ, ಉದ್ದನ ರೂಪ) ಬಂದ್ರ ಅಡ್ರೆಸ್ಸೇ ಮೈತುಂಬ ಕೋಲನ್ ಹೊತ್ಕೊಂಡು ಬರ್ತತಿ, ಎಲ್ಲಿಗೆ ಅಡ್ರೆಸ್ ಮುಗೀತು ಎಲ್ಲಿಂದ ಪೋರ್ಟ್ ಸುರು ಆತು ಅಂತ ಯಾರಿಗೆ ಗೊತ್ತಾಗ್ಬೇಕು?

ನಾನು ಒಂದೇ ಫೈಲಿನ್ಯಾಗ ಎಲ್ಲಾ ಸರ್ವರ್ ಬರೆದಿಟ್ಟು ಸ್ಕ್ರಿಪ್ಟಿನಿಂದ ಉಳಿದ ಕಾನ್ಫಿಗ್ ತಯಾರು ಮಾಡ್ಬೇಕಂತ ಹೊಂಟಿದ್ದೆ. ಆ ಫೈಲಿನ್ಯಾಗ ಅಡ್ರೆಸ್ ಯಾವ ರೀತಿ ಬರೀಬೇಕು ಅನ್ನೋದೇ ತಕರಾರು. ಹಂಗಾಗಿ ಈ ಕೆಲಸ ಮಾಡೋ ದೊಡ್ಡ ಸಾಫ್ಟ್‌ವೇರ್‌ನೋರು ಏನ್ ಮಾಡ್ಯಾರ ಅಂತ ಒಂದೊಂದೇ ಹಾಕಿ ನೋಡಿದೆ. (ಇಲ್ಲಿ ಬರೆದಿರೋ ಅಡ್ರೆಸ್ ಎಲ್ಲಾ ಉದಾಹರಣೆಗಂತ್ಲೇ ಮೀಸಲಿಟ್ಟಿರೋ 2001:ಡಿಬಿ8 ರೇಂಜಿನವು, ನಮ್ಮವಲ್ಲ.)

ಮೊದಲು ಹೆಚ್‌ಎಪ್ರಾಕ್ಸಿ ಅನ್ನೋ ಲೋಡ್ ಬ್ಯಾಲೆನ್ಸರ್, ಯಾಕಂದ್ರ ನಮ್ಮಲ್ಲಿ ಮೊದಲಿಂದ ಇರೋದು ಅದೇ. ಅದಕ್ಕ ಅಡ್ರೆಸ್ ಸುತ್ತ ಚೌಕ ಬ್ರಾಕೆಟ್ ಇಲ್ದ ಬರೆದ್ರೂ ನಡೀತತಿ, ಕಟ್ಟಕಡೀ ಕೋಲನ್ ಆದಮ್ಯಾಲ ಇರೋದನ್ನ ಪೋರ್ಟ್ ಅಂತ ತಗೋತತಿ, ಅಷ್ಟೇ ಲೆಕ್ಕ. ಎಲ್ಲಾ ಇಂಟರ್‌ಫೇಸ್ ಮ್ಯಾಲ ಕೇಳ್ಬೇಕಂದ್ರ ಬೈಂಡ್ ಲೈನಿನ್ಯಾಗ (ಎಲ್ಲಿ ಕೇಳ್ಬೇಕು ಅಂತ ಹೇಳೋ ಲೈನು) :::443 ಅಂತ ಬರೆದು ಪಕ್ಕಕ್ಕ ವಿ4ವಿ6 ಅಂತ ಹಾಕಿದ್ರ ಒಂದೇ ಲೈನು ಹಳೇದು ಹೊಸದು ಎರಡನ್ನೂ ಹಿಡೀತತಿ. ನೋಡಾಕ ಇರುವೆ ಸಾಲು ಇದ್ದಂಗ ಕಾಣ್ತತಿ ಆದ್ರೂ ಕೈಗೆ ಹಗುರ, ನನಗ ಭಾಳ ಸೇರಿತ್ತು.

ಸೇರಿದ್ದು ಒಂದು ಶನಿವಾರದ ತನಕ. ನಮ್ಮಲ್ಲಿ ಅಡ್ರೆಸ್ಸಿನ ಕೊನೇ ಎರಡು ಭಾಗ ರ್‍ಯಾಕ್ ನಂಬರು, ಮಷಿನ್ ನಂಬರು. ಮೊದಲನೇ ರ್‍ಯಾಕಿನ 80ನೇ ಮಷಿನ್ ಅಂದ್ರ 2001:ಡಿಬಿ8:5::1:80. ಅದರ ಮುಂದ :8080 ಹಾಕೋದು ಬಿಟ್ಟೆ, ನಂದೇ ತಪ್ಪು. ಅದು ಕಡೀ 80ನ್ನ ಪೋರ್ಟ್ ಅಂತ ತಿಳ್ಕೊಂಡು 2001:ಡಿಬಿ8:5::1 ಗೆ ಹೋತು. ಆ ಅಡ್ರೆಸ್ ಯಾರ್ದು ಗೊತ್ತೇನ್ರಿ, ನಮ್ ರೌಟರಿಂದು! ರೌಟರಿನ ಲಾಗಿನ್ ಪೇಜು 80ರಾಗ ತೆರೆದೇ ಇತ್ತು. ಕಾನ್ಫಿಗ್ ಚೆಕ್ ಮಾಡಿದ್ರ ಪಾಸು, ಸರ್ವರ್ ಜೀವಂತ ಐತೋ ಅಂತ ನೋಡೋ ಹೆಲ್ತ್ ಚೆಕ್ ಬರೇ ಟಿಸಿಪಿ ಕನೆಕ್ಟ್ ಆಗ್ತತೋ ಇಲ್ಲೋ ನೋಡ್ತಿತ್ತು, ಅದೂ ಹಸಿರು. ಬಿಲ್ ಕಟ್ಟಾಕ ಬಂದ ಮೂರ್‌ ಮಂದ್ಯಾಗ ಒಬ್ಬರಿಗೆ ರೌಟರ್ ಪಾಸ್‌ವರ್ಡ್ ಕೇಳೋ ಪೇಜು. ಕೌಂಟರ್ ಹುಡುಗ ಓಡಿ ಬಂದು "ಅಣ್ಣಾ, ರೈಸ್ ಮಿಲ್ಲಿನ ಸಾವ್ಕಾರ್ರು ಯಾವ ಪಾಸ್‌ವರ್ಡ್ ಹಾಕ್ಬೇಕಂತ ಕೇಳಾಕತ್ಯಾರ" ಅಂದಾಗ ಒಗ್ಗರಣಿ ಮಿರ್ಚಿ ಬಾಯಾಗೇ ಉಳೀತು.

2010ರ ಆರ್‌ಎಫ್‌ಸಿ 5952 (ಐಪಿವಿ6 ಅಡ್ರೆಸ್ ಹೆಂಗ ಬರೀಬೇಕು ಅನ್ನೋ ಇಂಟರ್ನೆಟ್ ನಿಯಮದ ದಾಖಲೆ) ಒಳಗ ಇದನ್ನೇ ಬರೆದಿಟ್ಟಾರ, ಆಮ್ಯಾಲ ಓದಿದೆ ಅನ್ರಿ. ಪೋರ್ಟ್ ಸೇರ್ಸಿ ಬರಿಯೋ ಆರು ಥರ ಪಟ್ಟಿ ಮಾಡಿ (ಚುಕ್ಕಿ ಹಾಕೋದು, ಹ್ಯಾಶ್ ಹಾಕೋದು, ನಡುವ 'ಪಿ' ಅಕ್ಷರ ಹಾಕೋದು ಅಂತ ಏನೇನೋ ಅದಾವ), ಬ್ರಾಕೆಟ್ ಹಾಕ್ರಿ, ಬರೇ ಕೋಲನ್ ಬ್ಯಾಡ, ಗೊಂದಲ ಆಗ್ತತಿ ಅಂತ ಹೇಳ್ಯಾರ.

ಎಂಜಿನ್‌ಎಕ್ಸ್ ಅನ್ನೋ ವೆಬ್ ಸರ್ವರ್ ಈ ವಿಷಯದಾಗ ಭಾಳ ಬಿಗಿ. [2001:ಡಿಬಿ8:5::1:80]:8080 ಅಂತಲೇ ಬರೀಬೇಕು, ಬ್ರಾಕೆಟ್ ಬಿಟ್ರ ಮೊದಲನೇ ಕೋಲನ್ನಿಗೇ ಪೋರ್ಟ್ ಸುರು ಆತಂತ ತಿಳ್ಕೊಂಡು 'ಪೋರ್ಟ್ ಸರಿ ಇಲ್ಲ' ಅಂತ ಲೈನ್ ನಂಬರ್ ಸಮೇತ ಬೈತತಿ, ಸುರು ಆಗಾದೇ ಇಲ್ಲ. ಬ್ರಾಕೆಟ್ ಇದ್ದು ಪೋರ್ಟ್ ಬಿಟ್ರ 80 ಅಂತ ತಾನೇ ತಗೋತತಿ, ನಮ್ದು 8080 ಇರೋದ್ರಿಂದ 502 ಎರರ್ ಬರ್ತತಿ, ಆದ್ರ ಸರಿಯಾದ ಮಷಿನ್ನಿಗೇ ಹೋಗಿ ಬರ್ತತಿ, ರೌಟರ್ ಮನೀಗಲ್ಲ. ಕಿರಿಕಿರಿ ಏನಂದ್ರ 1.3.4 ವರ್ಷನ್ನಿಂದ [::]:443 ಬರೇ ಐಪಿವಿ6 ಅಷ್ಟೇ ಕೇಳ್ತತಿ, ಐಪಿವಿ4ಗೆ ಇನ್ನೊಂದು ಲಿಸನ್ ಲೈನ್ ಬರೀಬೇಕು. ಒಂದು ಮರೆತ್ರ ಅರ್ಧ ಮಂದಿಗೆ ಬಂದ್.

ಕೀಪಲೈವ್ಡ್ ಅನ್ನೋ ಇನ್ನೊಂದು ಸಾಫ್ಟ್‌ವೇರ್ ನಡುವ ಒಂದು ಸ್ಪೇಸ್ ಬಿಟ್ಟು ಜಗಳಾನೇ ಮುಗಿಸೇತಿ: ಅಡ್ರೆಸ್ಸು, ಖಾಲಿ ಜಾಗ, ಪೋರ್ಟು. ಕೈಯಿಂದ ಟೈಪ್ ಮಾಡಾಕ ಇದರಷ್ಟು ಚಂದ ಯಾವುದೂ ಇಲ್ಲ. ಆದ್ರ ಅಲ್ಲಿಂದ ಕಾಪಿ ಮಾಡಿ ಬ್ರೌಸರಿನ್ಯಾಗ ಹಾಕಿದ್ರ ನಡ್ಯಂಗಿಲ್ಲ, ನಾನಂತೂ ದಿನಕ್ಕ ಹತ್ತು ಸಲ ಹಂಗ ಮಾಡ್ತೀನಿ.

ಎನ್ವಾಯ್ ಅನ್ನೋ ಪ್ರಾಕ್ಸಿಯೊಳಗ ಅಡ್ರೆಸ್ ಬ್ಯಾರೆ, ಪೋರ್ಟ್ ಬ್ಯಾರೆ ಫೀಲ್ಡು, ಗೊಂದಲಕ್ಕ ಜಾಗನೇ ಇಲ್ಲ. ಆದ್ರ ಒಂದು ಸರ್ವರಿಗೆ ಐದಾರು ಲೈನ್, ಅದೂ ಸ್ಪೇಸ್ ಎಣಿಸಿ ಎಣಿಸಿ. ಸ್ಕ್ರಿಪ್ಟ್ ಬರೆಯೋದಕ್ಕ ಸರಿ, ರಾತ್ರಿ ಹನ್ನೊಂದಕ್ಕ ಕರೆಂಟ್ ಹೋಗಿ ಬಂದಮ್ಯಾಲ ನಾನು ಬರೆಯೋದಕ್ಕಲ್ಲ.

ಕಡೀಗೆ ನನ್ ಫೈಲಿಗೆ ಬ್ರಾಕೆಟ್ಟೇ ಆರಿಸ್ಕೊಂಡೆ, ಆದ್ರ ಎಂಜಿನ್‌ಎಕ್ಸ್‌ಗಿಂತ ಒಂದು ಕೈ ಬಿಗಿ: ಪೋರ್ಟ್ ಬಿಟ್ರೂ ಎರರ್. ಊಹೆ ಮಾಡೋ ಕೆಲಸನೇ ಇಟ್ಟಿಲ್ಲ. ಸುರುವಿಗೆ ಯಾಮಲ್ (ಕಾನ್ಫಿಗ್ ಬರಿಯೋ ಒಂದು ಫಾರ್ಮ್ಯಾಟ್) ಫೈಲಿನ್ಯಾಗ ಬರೆದಿದ್ದೆ, ಅದು ಚೌಕ ಬ್ರಾಕೆಟ್ ಕಂಡ ಕೂಡ್ಲೇ ಲಿಸ್ಟ್ ಸುರು ಆತಂತ ತಿಳ್ಕೊಂಡು ಎಡವಿ ಬೀಳ್ತಿತ್ತು, ಪ್ರತಿಯೊಂದಕ್ಕೂ ಕೋಟ್ ಹಾಕ್ಬೇಕು, ಕೌಂಟರ್ ಹುಡುಗ ಹಾಕಂಗಿಲ್ಲ. ಅದಕ್ಕ ಲೈನಿಗೊಂದು ಸರ್ವರ್ ಇರೋ ಸಾದಾ ಟೆಕ್ಸ್ಟ್ ಫೈಲ್ ಮಾಡೀನಿ. ದೊಡ್ಡಕ್ಷರ, ಮುಂದಿನ ಸೊನ್ನೆ ಹೆಂಗರ ಬರೀಲಿ, ಸ್ಕ್ರಿಪ್ಟ್ ಎಲ್ಲಾನೂ ಸಣ್ಣಕ್ಷರ ಮಾಡಿ, ಸೊನ್ನೆ ತೆಗೆದು ಒಂದೇ ರೂಪಕ್ಕ ತರ್ತತಿ, ಇಲ್ಲಂದ್ರ ಹುಡುಕಿದ್ರ ಸಿಗಂಗಿಲ್ಲ. ಕೀಪಲೈವ್ಡ್‌ಗೆ ಬ್ರಾಕೆಟ್ ಬಿಚ್ಚಿ ಸ್ಪೇಸ್ ಇಟ್ಟು ಕೊಡ್ತತಿ, ಹೆಚ್‌ಎಪ್ರಾಕ್ಸಿಗೆ ಬ್ರಾಕೆಟ್ ಸಮೇತನೇ ಕೊಡ್ತತಿ, ಅದು ಅದನ್ನೂ ಒಪ್ತತಿ.

ಹುಡುಗ ಮೊದಲನೇ ದಿನ ಏಳು ಎರರ್ ತಿಂದ, ಎಲ್ಲಾ ಪೋರ್ಟ್ ಮರೆತಿದ್ದಕ್ಕ. ರೌಟರ್ ಲಾಗಿನ್ ಪೇಜು 80ರಾಗ ಯಾಕ ತೆರೆದಿಟ್ಟಿದ್ದಿ ಅಂತ ನಮ್ ಓನರ್ ಕೇಳಿದ್ದಕ್ಕ ಮಾತ್ರ ನನ್ನತ್ರ ಉತ್ತರ ಇರ್ಲಿಲ್ಲ, ಅವತ್ತೇ ಬಂದ್ ಮಾಡೀನಿ.