ರಬ್ಬರ್ ಬ್ಲಾಕ್‌ಗೆ ಐದು ಸ್ಟಾರ್, ಆನ್‌ಲೈನ್ ಪೇಪರ್ ಸೆಟ್‌ಗೆ ಒಂದೂವರೆ

ಮನೆಯಲ್ಲಿ ಒಂದು ಬಿಳಿ ಮಾರುತಿ 800 ಇದೆ. ಅಪ್ಪ ತಗೊಂಡಿದ್ದು, ಈಗ ನನ್ನ ಪಾಲಿಗೆ ಬಂದಿದೆ. ಇಂಜಿನ್ ಇನ್ನೂ ಗಟ್ಟಿ, ಬಾಡಿಯೇ ಸಮಸ್ಯೆ. ಬಾಗಿಲ ಕೆಳಗೆ, ಹಿಂದಿನ ಚಕ್ರದ ಮೇಲೆ ತುಕ್ಕು ಹಿಡಿದು ಪೇಂಟ್ ಹಪ್ಪಳದ ಹಾಗೆ ಉಬ್ಬಿತ್ತು. ಗ್ಯಾರೇಜಿನಲ್ಲಿ ಹೇಳಿದ ರೇಟು ಕೇಳಿದರೆ ಗಾಡಿಯನ್ನೇ ಅವರಿಗೆ ಕೊಟ್ಟು ಬರೋದು ವಾಸಿ ಅನ್ನಿಸಿತು. 2014ರಲ್ಲಿ ಕಂಪನಿಯೇ 800 ಮಾಡೋದು ನಿಲ್ಲಿಸಿದೆ, ಇನ್ನು ನಾನು ಅದರ ಮೇಲೆ ಅಷ್ಟು ದುಡ್ಡು ಸುರಿಯೋದಾ? ನಾನೇ ಉಜ್ಜಿ ನಾನೇ ಪೇಂಟ್ ಹೊಡೆಯುತ್ತೇನೆ ಅಂತ ಹೊರಟೆ. ಅದೇ ಬಿಳಿ ಬಣ್ಣ, ಹಾಗಾಗಿ ಆರ್‌ಸಿಯಲ್ಲಿ ಬಣ್ಣ ತಿದ್ದಿಸುವ ತಲೆನೋವಿಲ್ಲ. ಈ ರಿವ್ಯೂ ಪೇಂಟಿನದ್ದಲ್ಲ, ಅದಕ್ಕಿಂತ ಮೊದಲು ಉಜ್ಜೋಕೆ ತಂದ ಸ್ಯಾಂಡ್‌ಪೇಪರ್, ಅದನ್ನು ಸಿಕ್ಕಿಸಿ ಹಿಡಿಯುವ ರಬ್ಬರ್ ಬ್ಲಾಕ್, ಇವುಗಳದ್ದು.

ಮೊದಲು ಆನ್‌ಲೈನ್‌ನಲ್ಲಿ ಒಂದು ಸೆಟ್ ತರಿಸಿದೆ. 400ರಿಂದ 3000 ನಂಬರ್‌ವರೆಗೆ ಚಿಕ್ಕ ಚಿಕ್ಕ ತುಂಡುಗಳು, ಕಟ್ಟು ನೋಡಿದರೆ ಭಾರಿ ಲಾಭ ಅನ್ನಿಸುತ್ತದೆ. ಆದರೆ ನಂಬರ್ ಹೆಚ್ಚಿದಷ್ಟೂ ಪೇಪರ್ ನುಣುಪು, ಅಲ್ವಾ? 2000, 3000 ಎಲ್ಲ ಪೇಂಟ್ ಆದ ಮೇಲೆ ಪಾಲಿಶ್‌ಗೆ, ಇಲ್ಲಾಂದ್ರೆ ಮಂಕಾದ ಹೆಡ್‌ಲೈಟ್ ಉಜ್ಜೋಕೆ. ತುಕ್ಕು ತೆಗೆಯೋಕೆ, ತಗ್ಗು ತುಂಬೋಕೆ ಹಚ್ಚಿದ ಪುಟ್ಟಿ ಉಜ್ಜಿ ಇಳಿಸೋಕೆ ಬೇಕಾದ 80, 180 ಅದರಲ್ಲಿ ಇಲ್ಲವೇ ಇಲ್ಲ. ಸರಿ, ಇರೋ 400 ಆದರೂ ಕೆಲಸಕ್ಕೆ ಬರಲಿ ಅಂತ ನೀರಿನಲ್ಲಿ ನೆನೆಸಿ ಬಾನೆಟ್ ಮೇಲೆ ಉಜ್ಜಿದರೆ ಹತ್ತು ನಿಮಿಷದಲ್ಲಿ ಹರಳೆಲ್ಲ ಉದುರಿ ಬೋಳು ಕಾಗದ ಕೈಯಲ್ಲಿ ಉಳಿಯಿತು. ಮೇಲೆ ವಾಟರ್‌ಪ್ರೂಫ್ ಅಂತ ಬರೆದಿದೆ ಬೇರೆ! ಉದುರಿದ ಹರಳು ಅಡಿಯಲ್ಲಿ ಸಿಕ್ಕಿಕೊಂಡು ಬಾನೆಟ್ ಮೇಲೆ ಬೆಕ್ಕು ಪರಚಿದ ಹಾಗೆ ಗೆರೆ ಬಿತ್ತು.

ಆಮೇಲೆ ಬುದ್ಧಿ ಬಂದು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆ. ಕಾರ್ ಪೇಂಟ್ ಮಾರುವ ಸಣ್ಣ ಅಂಗಡಿ, ಇಬ್ಬರು ನಿಂತರೆ ಮೂರನೆಯವನು ಫುಟ್‌ಪಾತ್‌ನಲ್ಲಿ. ನಾನು ಪಟ್ಟಿ ತೆಗೆಯುವ ಮೊದಲೇ ಯಜಮಾನರು ಕೇಳಿದ್ದು, "ಎಲ್ಲಿ ಉಜ್ತೀರಾ ಸಾರ್, ಪುಟ್ಟಿನಾ, ಪ್ರೈಮರ್ರಾ?" ಪುಟ್ಟಿಗೆ 80, 180, ಹಳೇ ಪೇಂಟಿನ ಅಂಚು ನಯ ಮಾಡೋಕೆ 320, ಪ್ರೈಮರ್ (ಬಣ್ಣಕ್ಕೆ ಮೊದಲು ಹೊಡೆಯುವ ಅಡಿಯ ಕೋಟ್) ಮೇಲೆ ನೀರು ಹಾಕಿ ಉಜ್ಜೋಕೆ 400, 600. ದೊಡ್ಡ ಕಪ್ಪು ಹಾಳೆಗಳು, ಬಿಡಿಯಾಗಿ ಎಷ್ಟು ಬೇಕೋ ಅಷ್ಟು. ನಾನು 1000 ಕೂಡ ಕೇಳಿದೆ. "ಅಷ್ಟು ನುಣ್ಣಗೆ ಮಾಡಿದ್ರೆ ಪೇಂಟ್ ಹಿಡಿಯೋದು ಯಾವುದನ್ನ?" ಅಂದು ಕೊಡಲೇ ಇಲ್ಲ. ವ್ಯಾಪಾರ ಬೇಡ ಅಂದ ಅಂಗಡಿಯವರನ್ನು ನಾನು ನೋಡಿದ್ದು ಇದೇ ಮೊದಲು.

ಅಲ್ಲಿ ಸಿಕ್ಕಿದ್ದೇ ಈ ರಬ್ಬರ್ ಬ್ಲಾಕ್. ಬಟ್ಟೆ ಸೋಪಿನ ಬಾರ್‌ಗಿಂತ ಸ್ವಲ್ಪ ದೊಡ್ಡದು, ಎರಡೂ ತುದಿಯಲ್ಲಿ ಸೀಳು, ಸೀಳಿನೊಳಗೆ ಪೇಪರ್ ಕಚ್ಚಿ ಹಿಡಿಯೋಕೆ ಮೊಳೆ. ಹಾಳೆಯನ್ನು ನಾಲ್ಕು ಪಟ್ಟಿ ಮಾಡಿದರೆ ಒಂದು ಪಟ್ಟಿ ಸರಿಯಾಗಿ ಕೂರುತ್ತದೆ. ಇಷ್ಟೇನಾ ಅನ್ನಿಸುತ್ತದೆ. ಆದರೆ ಬರಿಗೈಯಲ್ಲಿ ಉಜ್ಜಿದಾಗ ಒತ್ತಡವೆಲ್ಲ ಬೆರಳ ತುದಿಗೆ ಬಿದ್ದು, ಪುಟ್ಟಿಯಲ್ಲಿ ನಾಲ್ಕು ಬೆರಳಿಗೆ ನಾಲ್ಕು ಕಾಲುವೆ ಆಗುತ್ತದೆ. ಮುಟ್ಟಿದರೆ ಗೊತ್ತಾಗೋದಿಲ್ಲ, ಪೇಂಟ್ ಹೊಳೆದಾಗ ಬೀದಿಗೆಲ್ಲ ಕಾಣುತ್ತದೆ. ಬ್ಲಾಕ್ ಉಬ್ಬನ್ನು ಮಾತ್ರ ಕತ್ತರಿಸುತ್ತದೆ, ತಗ್ಗನ್ನು ಮುಟ್ಟೋದಿಲ್ಲ. ಒಂದೇ ಕಡೆ ಗುಂಡಗೆ ತಿರುಗಿಸಬಾರದು, ಈ ಮೂಲೆಯಿಂದ ಆ ಮೂಲೆಗೆ, ಆಮೇಲೆ ಅಡ್ಡ ದಿಕ್ಕಿಗೆ.

ಇದರ ನಿಜವಾದ ಮಜಾ ಗೊತ್ತಾಗಿದ್ದು ಪ್ರೈಮರ್ ಒಣಗಿದ ಮೇಲೆ. ಬಾಗಿಲು ಬೂದು ಬಣ್ಣಕ್ಕೆ ತಿರುಗಿ ಎಲ್ಲ ಸಮ ಆಯಿತು ಅಂತ ಬೀಗುತ್ತಿದ್ದೆ. ಅಂಗಡಿಯವರು ಹೇಳಿದಂತೆ ಕಪ್ಪು ಸ್ಪ್ರೇ ಡಬ್ಬಿಯಿಂದ ದೂರ ನಿಂತು, ಹೋಳಿಗೆ ಮೇಲೆ ಹಿಟ್ಟು ಉದುರಿಸಿದ ಹಾಗೆ ತೆಳ್ಳಗೆ ಹೊಡೆದೆ. ಒಣಗಿದ ಮೇಲೆ ಬ್ಲಾಕ್‌ಗೆ 400 ಸಿಕ್ಕಿಸಿ, ಬಕೆಟ್ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಉಜ್ಜಿದರೆ ಸಮ ಇದ್ದ ಕಡೆ ಕಪ್ಪು ಹೋಯಿತು, ಹಿಡಿಕೆಯ ಕೆಳಗೆ ಮಾತ್ರ ಅಂಗೈ ಅಗಲ ಹಾಗೇ ಉಳಿಯಿತು. ಅದೇ ತಗ್ಗು! ನಾಲ್ಕು ಸಲ ಕೈಯಾಡಿಸಿ ಪಾಸ್ ಮಾಡಿದ್ದ ಜಾಗ. ಮತ್ತೆ ಪುಟ್ಟಿ, ಮತ್ತೆ 180, ಮತ್ತೆ ಪ್ರೈಮರ್. ಒಂದು ಭಾನುವಾರ ಹೋಯಿತು, ಆದರೆ ಟಾಪ್ ಕೋಟ್, ಅಂದರೆ ಮೇಲಿನ ಬಣ್ಣ, ಆದ ಮೇಲೆ ಗೊತ್ತಾಗಿದ್ದರೆ ಅಳಬೇಕಾಗಿತ್ತು.

ಬ್ಲಾಕ್‌ನದ್ದೂ ತಕರಾರಿದೆ. ಚಕ್ರದ ಮೇಲಿನ ಬಾಗಿಗೆ ಇದು ನಡೆಯೋದಿಲ್ಲ, ಗಟ್ಟಿಯಾಗಿ ನಿಂತು ಮಧ್ಯೆ ಚಪ್ಪಟೆ ಮಾಡಿಬಿಡುತ್ತದೆ. ಅಲ್ಲಿಗೆ ಹಳೇ ಹವಾಯಿ ಚಪ್ಪಲಿಯ ತುಂಡು ಕತ್ತರಿಸಿ ಪೇಪರ್ ಸುತ್ತಿಕೊಂಡೆ, ಅದು ಬಾಗುತ್ತದೆ. ಬಾಗಿಲ ಮೇಲಿನ ಚೂಪು ಗೆರೆಗಳ ಮೇಲೂ ಹುಷಾರು, ಎರಡೇ ಎಳೆತಕ್ಕೆ ಪ್ರೈಮರ್ ಹೋಗಿ ತಗಡು ಕಾಣುತ್ತದೆ. ಉಜ್ಜುವಾಗ ಆ ಗೆರೆಗೆ ಮಾಸ್ಕಿಂಗ್ ಟೇಪ್ ಅಂಟಿಸಿಬಿಡಿ.

ನೀರಿನ ವಿಷಯದಲ್ಲಿ ನಾನೊಂದು ಪೆದ್ದುತನ ಮಾಡಿದೆ. ನೀರು ಹಾಕಿದರೆ ದೂಳು ಏಳೋದಿಲ್ಲ ಅಂತ ಪುಟ್ಟಿಗೂ ನೀರು ಸುರಿದೆ. ಪುಟ್ಟಿ ನೀರು ಕುಡಿಯುತ್ತದೆ, ಒಳಗಿನ ತಗಡಿಗೆ ಮತ್ತೆ ತುಕ್ಕು. ಬೆಳಿಗ್ಗೆ ನೋಡಿದರೆ ಹೊಳೆಯುತ್ತಿದ್ದ ತಗಡಿನ ಮೇಲೆ ಕಾಫಿ ಚೆಲ್ಲಿದ ಬಣ್ಣ. ಅಷ್ಟನ್ನೂ 80ರಲ್ಲಿ ಒಣದಾಗಿ ಕೆರೆದು ಅವತ್ತೇ ಪ್ರೈಮರ್ ಹೊಡೆದೆ. ಪುಟ್ಟಿ ಒಣದಾಗಿಯೇ ಉಜ್ಜಬೇಕು, ಮಾಸ್ಕ್ ಇಲ್ಲದೆ ಮಾತ್ರ ಬೇಡ, ಆ ಬಿಳಿ ದೂಳು ಮೂಗಿನೊಳಗೇ ಮನೆ ಮಾಡುತ್ತದೆ. ಉಜ್ಜುವ ಮೊದಲು ಸೋಪು ನೀರಲ್ಲಿ ತೊಳೆದು, ಹಳೇ ಪಾಲಿಶಿನ ಜಿಡ್ಡನ್ನೂ ಒರೆಸಿ ತೆಗೆಯಿರಿ. ಇಲ್ಲದಿದ್ದರೆ ಪೇಪರ್ ಆ ಜಿಡ್ಡನ್ನೇ ಗೆರೆಗಳೊಳಗೆ ತುಂಬಿ ಕೂರಿಸುತ್ತದೆ.

ಅಮ್ಮನ ರಿವ್ಯೂ ಬೇರೆ ಇದೆ: "ಒಂದು ಪಾತ್ರೆ ಉಜ್ಜು ಅಂದ್ರೆ ಕೈ ನೋವು, ಈಗ ನೋಡು."

ಎಡಗಡೆ ಮುಗಿದಿದೆ, ಬಲಗಡೆಯ ಬಾಗಿಲುಗಳು ಬಾಕಿ. ಪ್ರೈಮರ್ ನೀರು ಹೀರುತ್ತದೆ, ಆದ್ದರಿಂದ ಮಳೆ ಶುರುವಾಗುವ ಮೊದಲೇ ಟಾಪ್ ಕೋಟ್ ಆಗಬೇಕು. ಶನಿವಾರ ಮತ್ತೆ ಜೆ.ಸಿ. ರಸ್ತೆಗೆ ಹೋಗುತ್ತೇನೆ, 180 ಆರು ಹಾಳೆ, 400 ನಾಲ್ಕು ಹಾಳೆ. ಆನ್‌ಲೈನ್ ಸೆಟ್‌ನ 3000 ಪೇಪರ್‌ನಿಂದ ಹೆಡ್‌ಲೈಟ್ ಉಜ್ಜಿದೆ, ಅದೊಂದು ಚೆನ್ನಾಗಿ ಬಂತು. ಆ ಅರ್ಧ ಸ್ಟಾರ್ ಅದಕ್ಕೆ.