ಹಳೇ ಕಾಂಟೆಸ್ಸಾಗೆ ಬೇರೆ ಎಂಜಿನ್ ಹಾಕಿಸುವ ಮೊದಲು ಇದನ್ನು ಓದಿ

ಹಳೇ ಕಾರನ್ನು ಮನೆಯಲ್ಲೇ ಬಿಚ್ಚಿ, ಸರಿಮಾಡಿ ಓಡಿಸಬೇಕು ಅನ್ನುವ ಆಸೆ ಇರುವವರು ನಮ್ಮ ತುಮಕೂರು ಕಡೆ ಸುಮಾರು ಜನ ಇದ್ದಾರೆ. ಅವರಿಗೆ ಒಂದು ಮಾತು. ಗಾಡಿಯ ಮೂಲ ಎಂಜಿನ್ನನ್ನು ಯಾವ ಗ್ಯಾರೇಜಿನಲ್ಲೂ ಬಿಟ್ಟು ಬರಬೇಡಿ. "ಪವರ್ ಜಾಸ್ತಿ ಮಾಡ್ಕೊಡ್ತೀವಿ, ಪೇಪರ್ ಚಿಂತೆ ನಮಗೆ ಬಿಡಿ" ಅಂದರೆ ಗಾಡಿಯನ್ನು ಅಲ್ಲಿಂದಲೇ ವಾಪಸ್ ತನ್ನಿ. ನಮಗೆ ದುಡ್ಡು ಹೋಯಿತು, ಎಂಜಿನ್ ಹೋಯಿತು. ನಾನೂ ಅಣ್ಣನೂ ಇವತ್ತು ಇದ್ದೀವಿ ಅನ್ನೋದೇ ದೊಡ್ಡದು.

ನಮ್ಮದು 1992ರ ಕಾಂಟೆಸ್ಸಾ ಕ್ಲಾಸಿಕ್. ಅಪ್ಪ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಈ ಕಾರನ್ನು ಹಿಂದೂಸ್ತಾನ್ ಮೋಟಾರ್ಸ್ 1984ರಿಂದ 2002ರವರೆಗೆ ಬಂಗಾಳದ ಉತ್ತರಪಾರಾದಲ್ಲಿ ತಯಾರಿಸಿತು. ಇಂಗ್ಲೆಂಡಿನ ವಾಕ್ಸ್‌ಹಾಲ್ ವಿಎಕ್ಸ್ ಕಾರಿನ ಮೈಕಟ್ಟು ಇದರದು. ಉದ್ದನೆಯ ಬಾನೆಟ್, ಅಗಲವಾದ ಮೈ, ಎಳೆಯುವುದು ಹಿಂದಿನ ಚಕ್ರ. ನಮ್ಮ ದೇಶದ ಮಸಲ್ ಕಾರ್ ಅಂತ ಜನ ಕರೆಯುವುದು ಇದಕ್ಕೇ. ಮೊದಮೊದಲು ಅಂಬಾಸಿಡರ್‌ಗೆ ಹಾಕುತ್ತಿದ್ದ 1.5 ಲೀಟರ್ ಎಂಜಿನ್ನನ್ನೇ ಇದಕ್ಕೂ ಹಾಕಿದ್ದರು. ಅಷ್ಟು ದೊಡ್ಡ ಮೈ ಎಳೆಯೋಕೆ ಅದು ಸಾಲುತ್ತಿರಲಿಲ್ಲ. ಆಮೇಲೆ ಇಸುಜು ಕಂಪನಿಯ 1.8 ಲೀಟರ್ ಪೆಟ್ರೋಲ್ ಎಂಜಿನ್ ಮತ್ತು ಐದು ಗೇರು ಬಂದವು. ಗಾಡಿಗೆ ನಿಜವಾಗಿ ಜೀವ ಬಂದಿದ್ದು ಆಗ. ಅಪ್ಪನ ಗಾಡಿಯಲ್ಲಿ ಇದ್ದದ್ದೂ ಅದೇ ಎಂಜಿನ್.

ಕ್ಯಾತ್ಸಂದ್ರದ ಮನೆ ಪಕ್ಕದ ಶೀಟ್ ಶೆಡ್ಡಿನಲ್ಲಿ ಬಹುಪಾಲು ಕೆಲಸ ನಾವೇ ಮಾಡಿದೆವು. ತುಕ್ಕು ಹಿಡಿದ ಫ್ಲೋರ್ ಕತ್ತರಿಸಿ ತೆಗೆದು ಹೊಸ ಶೀಟ್ ವೆಲ್ಡ್ ಮಾಡಿಸಿದೆವು. ಬಾಗಿಲ ಬೀಡಿಂಗ್ ರಬ್ಬರಿಗೆ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳನ್ನೆಲ್ಲ ಸುತ್ತಿದೆವು. ಬ್ರೇಕ್ ಡ್ರಮ್ ಬಿಚ್ಚುವವರು ಒಂದು ವಿಷಯ ನೆನಪಿಡಿ. ಹಳೇ ಲೈನರ್ (ಡ್ರಮ್ಮಿಗೆ ಉಜ್ಜಿ ಬ್ರೇಕ್ ಹಿಡಿಸುವ ಪಟ್ಟಿ) ಪುಡಿಯಲ್ಲಿ ಶ್ವಾಸಕೋಶಕ್ಕೆ ಅಪಾಯವಾದ ಆಸ್ಬೆಸ್ಟಾಸ್ ಇರಬಹುದು. ಅದನ್ನು ಗಾಳಿ ಹೊಡೆದು ಹಾರಿಸಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ಎಂಜಿನ್ ಮಾತ್ರ ಹೊಗೆ ಬಿಡುತ್ತಿತ್ತು, ಆಯಿಲ್ ಕುಡಿಯುತ್ತಿತ್ತು. ಬೋರ್ ಮಾಡಿಸೋಣ, ಅಂದರೆ ಸವೆದ ಸಿಲಿಂಡರಿನ ಒಳಮೈ ಕೊರೆಸಿ ಸಮ ಮಾಡಿಸೋಣ ಅಂತ ಊರಾಚೆಯ ಒಂದು ಗ್ಯಾರೇಜಿಗೆ ಒಯ್ದೆವು. ಅಲ್ಲಿನ ಮೇಸ್ತ್ರಿ ಬಾನೆಟ್ ಎತ್ತಿ ನೋಡಿ ತಲೆ ಆಡಿಸಿದರು. "ಪಿಸ್ಟನ್ ಸಿಗಲ್ಲ ಸಾರ್. ಡೀಸೆಲ್ ಹಾಕ್ಬಿಡಿ. ಕಂಪನಿಯೇ ಡೀಸೆಲ್ ಕಾಂಟೆಸ್ಸಾ ಬಿಟ್ಟಿತ್ತಲ್ಲ, ಅದೇ ಇಸುಜು ಎಂಜಿನ್ ನನ್ ಹತ್ರ ಇದೆ. ಆರ್‌ಟಿಓ ಕೆಲಸಾನೂ ಮಾಡ್ಸಿಕೊಡ್ತೀನಿ" ಅಂದರು. ಇಸುಜು 2 ಲೀಟರ್ ಡೀಸೆಲ್ ಹಾಕಿದ ಕಾಂಟೆಸ್ಸಾಗಳು ಕಾರ್ಖಾನೆಯಿಂದಲೇ ಬಂದಿದ್ದು ನಿಜ. ಇಂಥವರು ಅರ್ಧ ನಿಜ ಹೇಳಿಯೇ ನಂಬಿಸುತ್ತಾರೆ.

ಕಾರು ಹೊರಗೆ ಬಂದಾಗ ಅದರಲ್ಲಿದ್ದದ್ದು ಇಸುಜು ಎಂಜಿನ್ ಅಲ್ಲವೇ ಅಲ್ಲ. ಗುಜರಿಗೆ ಬಿದ್ದ ಯಾವುದೋ ಜೀಪಿನ ಟರ್ಬೋ ಡೀಸೆಲ್. ಭಾರಕ್ಕೆ ಗಾಡಿಯ ಮೂತಿ ಕೆಳಗೆ ಕೂತಿತ್ತು. ಡೀಸೆಲ್ ಎಂಜಿನ್ನಿನ ಕಂಪ್ರೆಷನ್ (ಒಳಗೆ ಗಾಳಿಯನ್ನು ಒತ್ತುವ ಪ್ರಮಾಣ) ಪೆಟ್ರೋಲಿನದಕ್ಕಿಂತ ಎಷ್ಟೋ ಜಾಸ್ತಿ. ಅದನ್ನು ತಿರುಗಿಸುವ ಸ್ಟಾರ್ಟರ್ ಕರೆಂಟನ್ನೂ ಜಾಸ್ತಿ ಎಳೆಯುತ್ತದೆ. ಆದರೆ ಬ್ಯಾಟರಿಯಿಂದ ಹಳೇ ಸಣ್ಣ ಕೇಬಲ್ಲನ್ನೇ ಬಿಟ್ಟಿದ್ದರು. ಸ್ಟಾರ್ಟ್ ಮಾಡಿದರೆ ಕೇಬಲ್ ಬಿಸಿಯಾಗುತ್ತಿತ್ತು. ಬ್ರೇಕ್ ಪೆಡಲ್ ಗಟ್ಟಿ ಇದೆಯಲ್ಲ ಅಂತ ಅಣ್ಣ ಕೇಳಿದ್ದಕ್ಕೆ, "ಹೊಸ ಲೈನರ್ ಸಾರ್, ಓಡ್ತಾ ಓಡ್ತಾ ಸೆಟ್ ಆಗುತ್ತೆ" ಅನ್ನುವ ಉತ್ತರ ಬಂತು.

ಆ ವಾರ ದೇವರಾಯನದುರ್ಗಕ್ಕೆ ಹೋದೆವು. ಹತ್ತುವಾಗ ಏನೂ ತೊಂದರೆ ಆಗಲಿಲ್ಲ. ಇಳಿಯುವಾಗ ಎರಡನೇ ತಿರುವಿನಲ್ಲಿ ಅಣ್ಣನ ಮುಖ ಬದಲಾಯಿತು. "ಬ್ರೇಕ್ ಹಿಡೀತಿಲ್ಲ ಕಣೋ" ಅಂದ. ಪೆಡಲ್ ಕೆಳಗೆ ಹೋಗುತ್ತಲೇ ಇರಲಿಲ್ಲ, ಬಂಡೆ ತುಳಿದ ಹಾಗೆ. ಎರಡೂ ಕಾಲು ಇಟ್ಟು ತುಳಿದ. ವೇಗ ಸ್ವಲ್ಪ ತಗ್ಗಿತು, ಗಾಡಿ ನಿಲ್ಲಲಿಲ್ಲ. ಗೇರು ಎರಡಕ್ಕೆ, ಆಮೇಲೆ ಒಂದಕ್ಕೆ ಇಳಿಸಿದ. ನಾನು ಹ್ಯಾಂಡ್‌ಬ್ರೇಕನ್ನು ಸ್ವಲ್ಪಸ್ವಲ್ಪವೇ ಎಳೆಯುತ್ತಾ ಹೋದೆ. ಕೊನೆಗೆ ಬೆಟ್ಟದ ಕಡೆಯ ಮಣ್ಣಿನ ದಿಬ್ಬಕ್ಕೆ ಗಾಡಿ ಒರಗಿಸಿ ನಿಲ್ಲಿಸಿದೆವು. ಎದುರಿಗೆ ಬಸ್ಸು ಬಂದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದರೆ ಈಗಲೂ ಮೈ ನಡುಗುತ್ತದೆ.

ಕಾರಣ ಏನು ಗೊತ್ತಾ? ಪೆಡಲ್ ಮೇಲಿನ ಕಾಲಿನ ಬಲವನ್ನು ಹೆಚ್ಚಿಸಿಕೊಡುವ ಬ್ರೇಕ್ ಬೂಸ್ಟರ್ ಕೆಲಸ ಮಾಡೋದು ವ್ಯಾಕ್ಯೂಮ್‌ನಿಂದ. ಪೆಟ್ರೋಲ್ ಎಂಜಿನ್ ಗಾಳಿ ಎಳೆದುಕೊಳ್ಳುವ ದಾರಿಯಲ್ಲಿ ಥ್ರಾಟಲ್ ಅನ್ನುವ ಮುಚ್ಚಳ ಇರುತ್ತದೆ. ಅದು ಮುಚ್ಚಿದಾಗ ಮ್ಯಾನಿಫೋಲ್ಡಿನಲ್ಲಿ (ಎಂಜಿನ್ನಿಗೆ ಗಾಳಿ ಹಂಚುವ ಕೊಳವೆ) ವ್ಯಾಕ್ಯೂಮ್ ತಾನಾಗೇ ಹುಟ್ಟುತ್ತದೆ. ಬೂಸ್ಟರಿನ ಪೈಪನ್ನು ಅಲ್ಲಿಗೇ ಜೋಡಿಸಿರುತ್ತಾರೆ. ಹಳೇ ಡೀಸೆಲ್ ಎಂಜಿನ್ನಿಗೆ ಅಂಥ ಥ್ರಾಟಲ್ ಇಲ್ಲ, ಹಾಗಾಗಿ ಸಾಕಷ್ಟು ವ್ಯಾಕ್ಯೂಮೂ ಹುಟ್ಟೋದಿಲ್ಲ. ಅದಕ್ಕೆ ಬೇರೆಯೇ ವ್ಯಾಕ್ಯೂಮ್ ಪಂಪ್ ಬೇಕು. ಎಷ್ಟೋ ಗಾಡಿಗಳಲ್ಲಿ ಅದು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಹಿಂಭಾಗದಲ್ಲಿ ಇರುತ್ತದೆ. ನಮ್ಮ ಎಂಜಿನ್ನಿಗೆ ಪಂಪ್ ಇಲ್ಲದ ಬೇರೆ ಆಲ್ಟರ್ನೇಟರ್ ಕೂರಿಸಿ, ಬೂಸ್ಟರಿನ ಪೈಪನ್ನು ಸುಮ್ನೆ ಮ್ಯಾನಿಫೋಲ್ಡಿಗೆ ಸಿಕ್ಕಿಸಿದ್ದರು. ನೋಡುವವರಿಗೆ ಎಲ್ಲ ಜೋಡಿಸಿದ ಹಾಗೇ ಕಾಣುತ್ತಿತ್ತು. ಒಂದೂವರೆ ಟನ್ ಹತ್ತಿರದ ಗಾಡಿಯನ್ನು ನಾವು ಬರೀ ಕಾಲಿನ ಬಲದಲ್ಲಿ ಘಾಟಿ ಇಳಿಸುತ್ತಿದ್ದೆವು. ಇದು ಮೇಸ್ತ್ರಿಗೆ ತಿಳಿಯದ ವಿಷಯ ಅಂತ ನಾನು ಒಪ್ಪಲ್ಲ.

ಇದನ್ನು ಮನೆ ಮುಂದೆಯೇ ಪರೀಕ್ಷೆ ಮಾಡಬಹುದು. ಎಂಜಿನ್ ಆಫ್ ಮಾಡಿ ಪೆಡಲನ್ನು ನಾಲ್ಕೈದು ಸಲ ತುಳಿಯಿರಿ, ಗಟ್ಟಿಯಾಗುತ್ತದೆ. ಹಾಗೇ ತುಳಿದು ಹಿಡಿದುಕೊಂಡು ಸ್ಟಾರ್ಟ್ ಮಾಡಿ. ಬೂಸ್ಟರ್ ಸರಿ ಇದ್ದರೆ ಪೆಡಲ್ ಕಾಲಡಿಯಲ್ಲಿ ಸ್ವಲ್ಪ ಕೆಳಗೆ ಇಳಿಯುತ್ತದೆ. ಇಳಿಯದಿದ್ದರೆ ಗಾಡಿ ಗೇಟು ದಾಟಬಾರದು, ಯಾರು ಏನೇ ಹೇಳಲಿ.

ಇನ್ನು ಪೇಪರಿನ ಕಥೆ. ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ರಿನ್ಯೂವಲ್. ಆಗ ಇನ್ಸ್‌ಪೆಕ್ಟರ್ ಗಾಡಿ ನೋಡಿ ಚಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ ಆರ್‌ಸಿ ಜೊತೆ ತಾಳೆ ಹಾಕುತ್ತಾರೆ. ನಮ್ಮ ಆರ್‌ಸಿಯಲ್ಲಿ ಪೆಟ್ರೋಲ್ ಅಂತಿತ್ತು. ಎಂಜಿನ್ ಮೇಲೆ ನಂಬರ್ ಇರಬೇಕಾದ ಜಾಗವನ್ನು ಗ್ರೈಂಡರ್ ಹಿಡಿದು ಉಜ್ಜಿದ್ದರು. ಇನ್ಸ್‌ಪೆಕ್ಟರ್ ಟಾರ್ಚ್ ಬಿಟ್ಟು ತೋರಿಸಿ, "ಇದು ಕದ್ದ ಗಾಡಿದಾದ್ರೆ ನಿಮ್ಮ ಮೇಲೇ ಬರುತ್ತಪ್ಪಾ" ಅಂದರು. ಅವರು ಹೇಳಿದ್ದು ಸರಿಯೇ. ಗ್ಯಾರೇಜಿನವರು ಬಿಲ್ ಕೊಟ್ಟಿರಲಿಲ್ಲ. ಕೇಳಿದಾಗಲೆಲ್ಲ ನಾಳೆ, ನಾಡಿದ್ದು ಅಂತ ಸಾಗಹಾಕಿದರು. ಕೊನೆಗೆ ಫೋನ್ ಎತ್ತೋದನ್ನೇ ಬಿಟ್ಟರು.

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಈ ಬಗ್ಗೆಯೇ ಇದೆ. ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೀಗೇ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಪ್ರಕಾರ, ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಶಿಕ್ಷೆ ಬರುವುದು ಗಾಡಿಯ ಮಾಲೀಕನಿಗೆ ಅನ್ನೋದನ್ನು ಗಮನಿಸಿ. ಅಪಘಾತ ಆದರೆ ಇನ್ಶೂರೆನ್ಸಿನವರು ಕ್ಲೇಮ್ ತಡೆಯೋಕೂ ಇದೇ ನೆಪ ಸಾಕು.

ಹೊಟ್ಟೆ ಉರಿಯೋದು ಇದಕ್ಕಿಂತ ಬೇರೆ ವಿಷಯಕ್ಕೆ. ನಮ್ಮ ಹಳೇ ಎಂಜಿನ್ ಕೊಡಿ ಅಂತ ಹೋದರೆ, "ಅದು ಸ್ಕ್ರ್ಯಾಪ್ ಸಾರ್, ಕೊಟ್ಟಾಯ್ತು" ಅಂದರು. ನಮ್ಮನ್ನು ಒಂದು ಮಾತೂ ಕೇಳಿರಲಿಲ್ಲ. ಅಪ್ಪ ಆವತ್ತು ಊಟಕ್ಕೆ ಏಳಲಿಲ್ಲ. 2021ರಲ್ಲಿ ಬಂದ ವಿಂಟೇಜ್ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಗೆ 'ವಿಎ' ಅನ್ನುವ ಬೇರೆ ಸರಣಿಯ ನಂಬರ್ ಸಿಗುತ್ತದೆ. ಆದರೆ ಚಾಸಿ, ಬಾಡಿ, ಎಂಜಿನ್ ಹೆಚ್ಚು ಬದಲಾಗದೆ ಮೂಲ ರೂಪದಲ್ಲೇ ಇರಬೇಕು. ನಮ್ಮ ಗಾಡಿಗೆ 2042ಕ್ಕೆ 50 ತುಂಬುತ್ತದೆ. ಅಷ್ಟು ವರ್ಷ ಕಾಪಾಡಬೇಕು ಅಂತಲೇ ಅಪ್ಪ ಅದನ್ನು ಮಾರದೆ ಇಟ್ಟುಕೊಂಡಿದ್ದರು.

ಎಂಜಿನ್ ಬಿಚ್ಚಿಸಲೇಬೇಕಾದರೆ ಮೊದಲು ನಂಬರಿನ ಫೋಟೋ ತೆಗೆದುಕೊಳ್ಳಿ. ಬ್ಲಾಕ್ ಬೋರ್ ಮಾಡಿಸುವಾಗ ಲೇತ್ ಅಂಗಡಿಯಿಂದ ಅದರ ನಂಬರ್ ಬರೆದ ರಸೀದಿ ಪಡೆಯಿರಿ. ಆದಷ್ಟೂ ಹಳೇ ಎಂಜಿನ್ನನ್ನೇ ಸರಿಮಾಡಿಸಿ. ಪಿಸ್ಟನ್ ಸಿಗಲ್ಲ ಅನ್ನೋದನ್ನು ಒಬ್ಬರ ಮಾತಿನ ಮೇಲೆ ನಂಬಬೇಡಿ. ಆಮೇಲೆ ನಮಗೆ ಬೆಂಗಳೂರಿನಲ್ಲೇ ಅದರ ಓವರ್‌ಸೈಜ್ (ಬೋರ್ ಮಾಡಿದ ಮೇಲೆ ಹಾಕುವ ದೊಡ್ಡ ಅಳತೆಯ) ಪಿಸ್ಟನ್ ಸೆಟ್ ಇಟ್ಟವರು ಸಿಕ್ಕರು, ಹಾಕೋಕೆ ಎಂಜಿನ್ ಇರಲಿಲ್ಲ. ಅದೇ ಕಂಪನಿಯ, ಅದೇ ಮಾದರಿಯ ಎಂಜಿನ್ ಹಾಕಿಸುವುದಾದರೂ ಮೊದಲು ಬಿಲ್ ಮತ್ತು ಅರ್ಜಿ, ಆರ್‌ಟಿಓ ಒಪ್ಪಿಗೆ ಕೈಗೆ ಬಂದ ಮೇಲೆ ಸ್ಪ್ಯಾನರ್. ನಾವೀಗ ಜೀಪಿನ ಎಂಜಿನ್ ಇಳಿಸಿಟ್ಟು, ಗ್ಯಾರೇಜಿನ ಮೇಲೆ ಪೊಲೀಸರಿಗೆ ದೂರು ಕೊಟ್ಟು, ಬಿಲ್ ಸಮೇತ ಸಿಗುವ 1.8 ಇಸುಜು ಹುಡುಕುತ್ತಿದ್ದೇವೆ.