ಬಿಲ್ಲಿನಲ್ಲಿ ಹತ್ತು ಪರ್ಸೆಂಟೋ, ಕೈಗೆ ಇಪ್ಪತ್ತು ರೂಪಾಯಿಯೋ?

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಹೋಟೆಲಿನವರಿಗೆ ಊಟದ ದುಡ್ಡಿನ ಮೇಲೆ ಇನ್ನಷ್ಟು ಕೊಡುವುದಕ್ಕೆ ಈಗ ನಾಲ್ಕು ದಾರಿಗಳಿವೆ. ಬಿಲ್ಲಿನಲ್ಲೇ ಕೂತು ಬರುವ ಸರ್ವಿಸ್ ಚಾರ್ಜ್, ಸೋಂಪಿನ ತಟ್ಟೆಯಲ್ಲಿ ಬಿಡುವ ನೋಟು, ಗಲ್ಲಾದ ಪಕ್ಕ ಇಟ್ಟ ಡಬ್ಬಿ, ಈಚೆಗೆ ಫೋನ್‌ಪೇ. ಕೆಲಸದ ಮೇಲೆ ಕಾರವಾರ, ಗೋಕರ್ಣ, ಶಿರಸಿ ಸುತ್ತುತ್ತ ನಾಲ್ಕನ್ನೂ ಬಳಸಿ ನೋಡಿದ್ದೇನೆ. ಎಲ್ಲ ಕಡೆ ನಾನು ಲೆಕ್ಕ ಹಾಕುವುದು ಒಂದೇ: ಕೊಟ್ಟ ದುಡ್ಡು ದುಡಿದವರಿಗೆ ಮುಟ್ಟಿತೋ ಇಲ್ಲವೋ.

ಸರ್ವಿಸ್ ಚಾರ್ಜಿನ ಕಾಟ ಊರೊಳಗಿನ ಖಾನಾವಳಿಗಳಲ್ಲಿಲ್ಲ, ಇರುವುದು ಬೀಚ್ ಪಕ್ಕದ ರೆಸಾರ್ಟುಗಳಲ್ಲಿ. ಗೋಕರ್ಣದ ಕಡೆ ಒಂದರಲ್ಲಿ ಕೈಗೆ ಬಂದ ಬಿಲ್ಲು ಹೀಗಿತ್ತು: ಊಟ 1,200, ಶೇ 10ರ ಸರ್ವಿಸ್ ಚಾರ್ಜ್ 120, ಎರಡೂ ಕೂಡಿದ 1,320ರ ಮೇಲೆ ಶೇ 5 ಜಿಎಸ್‌ಟಿ 66, ಒಟ್ಟು 1,386. ಭಕ್ಷೀಸಿನ ಮೇಲೂ ಆರು ರೂಪಾಯಿ ತೆರಿಗೆ! ಅನೇಕರು ಇದನ್ನು ಸರಕಾರದ್ದೇ ಅಂದುಕೊಂಡು ಸುಮ್ಮನೆ ಕಟ್ಟಿ ಬರುತ್ತಾರೆ. ಸರಕಾರದ ಸರ್ವಿಸ್ ಟ್ಯಾಕ್ಸ್ 2017ರಲ್ಲಿ ಜಿಎಸ್‌ಟಿ ಬಂದಾಗಲೇ ಹೋಯಿತು. ಈ ಹತ್ತು ಪರ್ಸೆಂಟ್ ಹೋಟೆಲಿನವರೇ ಹಾಕಿಕೊಳ್ಳುವುದು.

ಹೀಗೆ ತಾನಾಗಿ ಸೇರಿಸಬಾರದು, ಬೇರೆ ಹೆಸರಿನಲ್ಲೂ ವಸೂಲಿ ಮಾಡಬಾರದು, ಅದರ ಮೇಲೆ ಜಿಎಸ್‌ಟಿ ಹಾಕಬಾರದು ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತ್ತು. ಹೋಟೆಲ್ ಸಂಘಗಳು ದೆಹಲಿ ಹೈಕೋರ್ಟಿಗೆ ಹೋಗಿ ಅದೇ ತಿಂಗಳು ತಡೆ ತಂದವು. 2025ರ ಮಾರ್ಚ್ 28ರಂದು ಕೋರ್ಟು ಮಾರ್ಗಸೂಚಿಯನ್ನೇ ಎತ್ತಿಹಿಡಿದು, ಎರಡು ಸಂಘಗಳಿಗೂ ತಲಾ ಒಂದು ಲಕ್ಷ ರೂಪಾಯಿ ಕಟ್ಟಲು ಹೇಳಿತು.

ನಾನು ಇದನ್ನೆಲ್ಲ ಒಪ್ಪಿಸಲಿಲ್ಲ. "ಈ ಸಾಲು ತೆಗೆದು ಬೇರೆ ಬಿಲ್ ಕೊಡಿ" ಎಂದೆ ಅಷ್ಟೇ. "ಅದು ಹುಡುಗರಿಗೇ ಹೋಗೋದು ಸಾರ್" ಎಂದ ಮ್ಯಾನೇಜರ್. "ಹಾಗಾದ್ರೆ ನಾನೇ ಕೊಡ್ತೇನೆ ಬಿಡಿ" ಎಂದದ್ದಕ್ಕೆ ಅವನ ಹತ್ತಿರ ಉತ್ತರವಿರಲಿಲ್ಲ. ಮುಖ ಗಂಟು ಹಾಕಿಕೊಂಡೇ 1,260ರ ಬಿಲ್ಲು ತಂದ. ಉಳಿದದ್ದನ್ನು ಬಡಿಸಿದ ಹುಡುಗನ ಕೈಗಿಟ್ಟು, ಸರ್ವಿಸ್ ಚಾರ್ಜಿನಲ್ಲಿ ನಿನಗೆಷ್ಟು ಬರುತ್ತದೆ ಎಂದು ಕೇಳಿದೆ. ಅತ್ತಿತ್ತ ನೋಡಿ, "ಸಂಬಳ ಬರ್ತದೆ ಸಾರ್" ಎಂದ. ನನ್ನ ಲೆಕ್ಕದಲ್ಲಿ ಈ ದಾರಿಗೆ ಸೊನ್ನೆ. ತೆಗೆಯುವುದೇ ಇಲ್ಲ ಎಂದು ಹಟ ಹಿಡಿದರೆ ಗ್ರಾಹಕರ ಸಹಾಯವಾಣಿ 1915 ಇದೆ. ನನಗೆ ಅಲ್ಲಿಯವರೆಗೆ ಹೋಗುವ ಪ್ರಸಂಗ ಬಂದಿಲ್ಲ.

ಕಾರವಾರದ ಮೀನೂಟದ ಹೋಟೆಲಿನ ಪದ್ಧತಿ ಇದಕ್ಕೆ ತದ್ವಿರುದ್ಧ. ಅಲ್ಲಿ ಸಪ್ಲಾಯರ್ ಅಂದರೆ ಅರ್ಧ ಸಲಹೆಗಾರ. ಬಂಗಡೆ ಫ್ರೈ ಹೇಳಿದರೆ ಬಗ್ಗಿ, ಗಲ್ಲಾಕ್ಕೆ ಕೇಳದ ಹಾಗೆ, "ಇವತ್ತು ಬಂಗಡೆ ಐಸಿಂದು, ಸಿಗಡಿ ತಗೊಳ್ಳಿ" ಅನ್ನುತ್ತಾನೆ. ಜೂನ್, ಜುಲೈನಲ್ಲಿ ಯಾಂತ್ರಿಕ ಬೋಟುಗಳ ಮೀನುಗಾರಿಕೆ ನಿಷೇಧ ಇರುವಾಗಂತೂ ಈ ಪಿಸುಮಾತಿಗೆ ಇಪ್ಪತ್ತೇನು, ಐವತ್ತು ಕೊಟ್ಟರೂ ನಷ್ಟವಿಲ್ಲ. ಸೋಲ್ ಕಡಿ ಲೋಟ ಖಾಲಿಯಾದದ್ದನ್ನು ನಾವು ಹೇಳುವ ಮೊದಲೇ ನೋಡಿರುತ್ತಾನೆ. ಇಂಥವನಿಗೆ ನೋಟನ್ನು ಸೋಂಪಿನ ತಟ್ಟೆಯಲ್ಲಿ ಬಿಡುವುದಕ್ಕಿಂತ ನೇರ ಕೈಗೆ ಕೊಡುವುದು ಒಳ್ಳೆಯದು. ತಟ್ಟೆ ಎತ್ತುವವನು ಎಷ್ಟೋ ಸಲ ಬೇರೆಯವನಾಗಿರುತ್ತಾನೆ.

ತೊಡಕಾಗಿರುವುದು ಫೋನ್‌ಪೇಯಿಂದ. ಸ್ಕ್ಯಾನ್ ಮಾಡಿ 180ರ ಬದಲು 200 ಹೊಡೆದು, "ಇಪ್ಪತ್ತು ಅವನಿಗೆ ಕೊಡಿ" ಎಂದು ಗಲ್ಲಾದಲ್ಲಿ ಹೇಳಿ ನೋಡಿದ್ದೇನೆ. ಯಜಮಾನರು "ಹೂಂ ಹೂಂ" ಅನ್ನುತ್ತಾರೆ, ಅಷ್ಟರಲ್ಲಿ ಹಿಂದಿನ ಗಿರಾಕಿಯ ಸೌಂಡ್‌ಬಾಕ್ಸ್ ಕೂಗುತ್ತದೆ. ಮುಂದಿನ ಸಲ ಹೋದಾಗ ಸಪ್ಲಾಯರನ್ನೇ ಕೇಳಿದರೆ, "ಯಾವ ಇಪ್ಪತ್ತು?" ಅವನ ನಂಬರಿಗೇ ಹಾಕೋಣವೆಂದರೆ ಕೆಲಸದ ಹೊತ್ತಿನಲ್ಲಿ ಮೊಬೈಲ್ ಹಿಡಿಯಲು ಕೆಲವು ಕಡೆ ಬಿಡುವುದಿಲ್ಲ. ಹಾಗಾಗಿ ಕಾರವಾರಕ್ಕೆ ಹೊರಟಾಗ ಹತ್ತು, ಇಪ್ಪತ್ತರ ನೋಟು ಜೇಬಿನಲ್ಲಿರುವಂತೆ ನೋಡಿಕೊಳ್ಳುತ್ತೇನೆ. ಚಿಲ್ಲರೆ ಹುಡುಕುವುದೇ ಈಗ ದೊಡ್ಡ ಕೆಲಸ, ಅದು ಬೇರೆ ಮಾತು.

ಡಬ್ಬಿ ಕಾಣುವುದು ಗೋಕರ್ಣದ ಕುಡ್ಲೆ, ಓಂ ಬೀಚಿನ ಕೆಫೆಗಳಲ್ಲಿ. ವಿದೇಶಿಯರ ರೂಢಿಯಿಂದ ಬಂದಿರಬೇಕು. ಮೊದಲು ನನಗೆ ಇದು ಹಿಡಿಸಿರಲಿಲ್ಲ, ಈಗ ಪರವಾಗಿಲ್ಲ ಅನಿಸಿದೆ. ಕಾರಣ ಅಡುಗೆಮನೆ. ಕೈಗೆ ಕೊಟ್ಟ ನೋಟು ಬಡಿಸಿದವನ ಜೇಬಿನಲ್ಲೇ ನಿಲ್ಲುತ್ತದೆ, ಒಳಗೆ ಬೆಂಕಿಯ ಮುಂದೆ ನಿಂತವನಿಗೂ ಪಾತ್ರೆ ತಿಕ್ಕುವವನಿಗೂ ಅದರ ವಾಸನೆಯೂ ಬಡಿಯುವುದಿಲ್ಲ. ಡಬ್ಬಿ ಎಲ್ಲರದ್ದು. ಮಳೆಗಾಲದಲ್ಲಿ ಅಲ್ಲಿ ಬಹಳಷ್ಟು ಕೆಫೆಗಳು ಬಾಗಿಲು ಹಾಕುತ್ತವೆ, ದೂರದಿಂದ ಬಂದ ಹುಡುಗರಿಗೆ ಸೀಸನ್ನಿನ ದುಡಿಮೆಯೇ ಗತಿ. ಆದರೆ ಡಬ್ಬಿಯ ಕೀಲಿ ಯಾರ ಹತ್ತಿರ ಎಂದು ಕೇಳಿಯೇ ಹಾಕುತ್ತೇನೆ. "ರಾತ್ರಿ ನಾವೇ ಎಣಿಸ್ತೇವೆ" ಅಂದರೆ ಧಾರಾಳ. "ಓನರ್ ಹತ್ರ" ಅಂದರೆ ಜೇಬಿಗೆ ಹಾಕಿದ ಕೈ ಅಲ್ಲೇ ಇರುತ್ತದೆ.

ಶಿರಸಿಯಲ್ಲಿ ಇಷ್ಟೆಲ್ಲ ತಲೆಬಿಸಿ ಇಲ್ಲ. ತಂಬುಳಿ, ಅಪ್ಪೆಹುಳಿ ಮೂರನೇ ಸಲ ಕೇಳಿ ಹಾಕಿಸಿಕೊಂಡು ಹತ್ತು ರೂಪಾಯಿ ಚಾಚಿದರೆ, "ಎಂತಕ್ಕೆ ಮಾರಾಯ್ರೇ" ಎಂದು ಹಿಂದೆ ಸರಿದವರಿದ್ದಾರೆ. ಒತ್ತಾಯ ಮಾಡಿದರೆ ಅವರಿಗೇ ಮುಜುಗರ. ಕೂಪನ್ ತಗೊಂಡು ನಾವೇ ತಟ್ಟೆ ಹಿಡಿದು ನಿಲ್ಲುವ ಕಡೆ ಟಿಪ್ಸ್ ಪ್ರಶ್ನೆ ಬರುವುದಿಲ್ಲ ಎಂದು ಸ್ನೇಹಿತರ ವಾದ. ನಾನು ಒಪ್ಪುವುದಿಲ್ಲ. ನಾವು ಚೆಲ್ಲಿದ ಸಾರು ಒರೆಸಲು ಬಕೆಟ್ ಹಿಡಿದು ಓಡಾಡುವ ಅಕ್ಕನಿಗೆ ಬಿಲ್ಲಿನಲ್ಲೂ ಪಾಲಿಲ್ಲ, ಡಬ್ಬಿಯೂ ಇಲ್ಲ. ಅಲ್ಲಿ ಹತ್ತರ ನೋಟು ಅವರಿಗೆ. ಇಲ್ಲಿಯವರೆಗೆ ಅವರ್ಯಾರೂ ಬೇಡ ಅಂದಿಲ್ಲ.